ಕಾಳುಮೆಣಸಿನ ರಾಣಿ ಮತ್ತು ಒಂದು ಹಳೇ ಗಾಸಿಪ್: ಗೇರುಸೊಪ್ಪೆಯಿಂದ ಲಿಸ್ಬನ್‌ವರೆಗೆ

ಕಳೆದ ಕೆಲವು ವಾರಗಳಿಂದ ನಿಮ್ಮಲ್ಲಿ ಸುಮಾರು ಜನ ಕೇಳ್ತಾ ಇರೋದು ಒಂದೇ. ಯುರೋಪಿನ ರಾಣಿಯರ ಬಗ್ಗೆ, ರಾಜಕುಮಾರಿಯರ ಬಗ್ಗೆ ಒಂದು ಸಂಚಿಕೆ ಮಾಡಿ ಅಂತ. 'ದಿ ಕ್ರೌನ್' ನೋಡಿ ಮುಗಿಸಿದವರು, ಡಯಾನಾ ಡಾಕ್ಯುಮೆಂಟರಿ ನೋಡಿದವರು, ಎಲ್ಲರೂ ಇದ್ದೀರಿ. ಆಯ್ತು, ಮಾಡೋಣ. ಆದ್ರೆ ನಾನು ಲಂಡನ್‌ನಿಂದ ಶುರು ಮಾಡಲ್ಲ, ಹೊನ್ನಾವರದಿಂದ ಶುರು ಮಾಡ್ತೀನಿ. ಲಿಸ್ಬನ್‌ಗೂ ಹೋಗ್ತೀವಿ, ಲಂಡನ್‌ಗೂ ಹೋಗ್ತೀವಿ, ಇಯರ್‌ಫೋನ್ ತೆಗೀಬೇಡಿ.

ಇಂಗ್ಲೆಂಡಿನ ಮೊದಲನೇ ಎಲಿಜಬೆತ್ ಪಟ್ಟಕ್ಕೆ ಬಂದಿದ್ದು 1558ರಲ್ಲಿ, ತೀರಿಕೊಂಡಿದ್ದು 1603ರಲ್ಲಿ. ಹತ್ತಿರ ಹತ್ತಿರ 45 ವರ್ಷ. ಸಿನಿಮಾ ಎಷ್ಟು, ಸೀರೀಸ್ ಎಷ್ಟು, ಲೆಕ್ಕ ಇಲ್ಲ. ಅದೇ ಹೊತ್ತಿಗೆ ಶರಾವತಿ ದಡದ ಗೇರುಸೊಪ್ಪೆಯಲ್ಲಿ ಇನ್ನೊಬ್ಬ ರಾಣಿ ಇದ್ದಳು. ಚೆನ್ನಭೈರಾದೇವಿ. ಸಾಳುವ ವಂಶದ ಜೈನ ರಾಣಿ. ಅವಳ ಆಳ್ವಿಕೆಗೆ ಇತಿಹಾಸದ ಪುಸ್ತಕಗಳು ಸಾಮಾನ್ಯವಾಗಿ ಕೊಡೋ ವರ್ಷ 1552ರಿಂದ 1606. ಅಂದ್ರೆ 54 ವರ್ಷ. ಎಲಿಜಬೆತ್ ಪಟ್ಟಕ್ಕೆ ಬರೋ ಮೊದಲೇ ಇವಳು ಬಂದಿದ್ದಳು, ಅವಳು ಹೋದ ಮೇಲೂ ಇವಳು ಇದ್ದಳು. 1600ರ ಡಿಸೆಂಬರ್ 31ಕ್ಕೆ ಎಲಿಜಬೆತ್ ಈಸ್ಟ್ ಇಂಡಿಯಾ ಕಂಪನಿಯ ಸನ್ನದಿಗೆ ಮುದ್ರೆ ಒತ್ತಿದಾಗ, ಆ ಕಂಪನಿಯವರು ಯಾವ ಕಾಳಿನ ಕನಸು ಕಾಣ್ತಾ ಇದ್ದರೋ ಆ ಕಾಳು ಇವಳ ದೋಣಿಗಳಲ್ಲಿ ಶರಾವತಿ ಇಳೀತಾ ಇತ್ತು.

ಪೋರ್ಚುಗೀಸರು ಅವಳಿಗೆ ಇಟ್ಟ ಹೆಸರು 'ರೈನಾ ದ ಪಿಮೆಂಟಾ'. ಕಾಳುಮೆಣಸಿನ ರಾಣಿ. ಕೇಳೋಕೆ ಚಂದ ಇದೆ, ನಾವೂ ಹೆಮ್ಮೆಯಿಂದ ಸ್ಟೇಟಸ್ ಹಾಕ್ತೀವಿ. ಆದ್ರೆ ಒಂದು ನಿಮಿಷ ಯೋಚನೆ ಮಾಡಿ. ಇದು ಗಿರಾಕಿ ಇಟ್ಟ ಹೆಸರು. ಅಂಗಡಿಗೆ ಬರೋರು ನಿಮ್ಮನ್ನ 'ಅಡಿಕೆ ಭಟ್ರು' ಅಂತ ಕರೆದ ಹಾಗೆ. ಪೋರ್ಚುಗೀಸ್ ಕಾಗದಪತ್ರಗಳಲ್ಲಿ ಬಹಳ ಕಡೆ ಅವಳ ಸ್ವಂತ ಹೆಸರೇ ಇರಲ್ಲ. 'ಭಟ್ಕಳದ ರಾಣಿ', 'ಗೇರುಸೊಪ್ಪೆಯ ರಾಣಿ', ಅಷ್ಟೇ.

ಮೊದಲು ಜಾಗ ಅರ್ಥ ಮಾಡ್ಕೊಳ್ಳೋಣ, ನಾನು ಬಿ.ಕಾಂ. ಓದಿದವ, ನನಗೆ ಇತಿಹಾಸ ಅರ್ಥ ಆಗೋದು ಸರಕು ಎಲ್ಲಿಂದ ಎಲ್ಲಿಗೆ ಹೋಗುತ್ತೆ ಅಂತ ಗೊತ್ತಾದಾಗ. ಮೇಲೆ ಘಟ್ಟ. ಸಿರ್ಸಿ, ಸಿದ್ದಾಪುರದ ಅಡಿಕೆ ತೋಟಗಳು, ಅಡಿಕೆ ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿ. ಕೆಳಗೆ ಸಮುದ್ರ, ಹೊನ್ನಾವರದ ಬಂದರು. ನಡುವೆ ಗೇರುಸೊಪ್ಪೆ. ಘಟ್ಟದಿಂದ ಎತ್ತಿನ ಮೇಲೆ ಹೇರಿ ತಂದ ಸರಕು ಇಲ್ಲಿ ಇಳೀಬೇಕು, ಇಲ್ಲಿಂದ ಮುಂದೆ ದೋಣಿ. ಹೊನ್ನಾವರದ ಅಳಿವೆಯಿಂದ ನದಿಯಲ್ಲಿ ದೋಣಿ ಸಲೀಸಾಗಿ ಮೇಲೆ ಬರೋದು ಇಲ್ಲಿವರೆಗೆ ಮಾತ್ರ, ಅದರಾಚೆ ಘಟ್ಟ ಏರಬೇಕು. ರಾಜಧಾನಿ ಸಮುದ್ರ ದಡದಲ್ಲಿ ಯಾಕೆ ಇರಲಿಲ್ಲ ಅನ್ನೋದಕ್ಕೆ ಇದೇ ಉತ್ತರ. ಶತ್ರುವಿನ ಹಡಗಿನ ಫಿರಂಗಿಗೆ ಸಿಗಲ್ಲ, ಆದ್ರೆ ಒಂದು ಮೂಟೆ ಮೆಣಸೂ ಅವಳ ಕಣ್ಣು ತಪ್ಪಿಸಿ ಹೋಗೋ ಹಾಗಿಲ್ಲ. ಇತ್ತ ದಕ್ಷಿಣಕ್ಕೆ ಭಟ್ಕಳ, ವಿಜಯನಗರಕ್ಕೆ ಅರಬ್ಬಿ ಕುದುರೆ ಇಳೀತಿದ್ದ ಬಂದರು, ಅಕ್ಕಿ, ಸಕ್ಕರೆ, ಕಬ್ಬಿಣ ಹೊರಗೆ ಹೋಗ್ತಿದ್ದ ಬಂದರು. ಅತ್ತ ಉತ್ತರಕ್ಕೆ ಕುಮಟಾ ಹತ್ತಿರ ಅಘನಾಶಿನಿ ದಡದ ಮಿರ್ಜಾನ್. ಮಳೆಗಾಲದಲ್ಲಿ ಹಸಿರು ಪಾಚಿ ಹಿಡಿದ ಆ ಕೆಂಪು ಕಲ್ಲಿನ ಕೋಟೆ, ನಿಮ್ಮ ರೀಲ್ಸ್‌ನಲ್ಲಿ ವರ್ಷಕ್ಕೆ ಒಂದು ಸಲನಾದ್ರೂ ಬರೋ ಕೋಟೆ. ಅಲ್ಲಿ ಅಗೆದಾಗ ಚೀನಾದ ಪಿಂಗಾಣಿ ಚೂರುಗಳು ಸಿಕ್ಕಿವೆ.

ಇವಳಿಗೆ ಈ ರಾಜ್ಯ ಸಿಕ್ಕಿದ್ದು ಶಾಂತಿ ಕಾಲದಲ್ಲಿ ಅಲ್ಲ. ವಾಸ್ಕೋ ಡ ಗಾಮಾ ಎರಡನೇ ಸಲ ಬಂದಾಗ, 1502ರಲ್ಲೇ, ಭಟ್ಕಳದ ಮೇಲೆ ಬಿದ್ದು ವರ್ಷಕ್ಕಿಷ್ಟು ಅಕ್ಕಿ ಕಪ್ಪ ಅಂತ ಬರೆಸಿಕೊಂಡಿದ್ದ. 1505ರಲ್ಲಿ ಅಲ್ಮೇಡಾ ಹೊನ್ನಾವರದಲ್ಲಿ ಹಡಗುಗಳಿಗೆ ಬೆಂಕಿ ಇಟ್ಟ. 1542ರಲ್ಲಿ ಗವರ್ನರ್ ಮಾರ್ಟಿಂ ಅಫೊನ್ಸೊ ದೆ ಸೋಜಾ ಭಟ್ಕಳವನ್ನ ಲೂಟಿ ಮಾಡಿ ಸುಟ್ಟ. ಆಗಲೂ ಅಲ್ಲಿ ಆಳ್ತಾ ಇದ್ದವಳು ಒಬ್ಬ ರಾಣಿಯೇ, ಚೆನ್ನಭೈರಾದೇವಿಗಿಂತ ಹಿಂದಿನವಳು. ಯಾಕೆ ಈ ದಾಳಿ? ಪೋರ್ಚುಗೀಸರ ಲೆಕ್ಕದಲ್ಲಿ ಅರಬ್ಬಿ ಸಮುದ್ರ ಅವರ ಟೋಲ್ ರೋಡ್. ನಿಮ್ಮ ಹಡಗು, ನಿಮ್ಮ ಸರಕು, ನಿಮ್ಮ ಸಮುದ್ರ, ಆದರೂ 'ಕಾರ್ತಾಜ್' ಅನ್ನೋ ಪಾಸ್ ತಗೋಬೇಕು, ಅವರ ಬಂದರಿಗೆ ಹೋಗಿ ಸುಂಕ ಕಟ್ಟಬೇಕು. ಪಾಸ್ ಇಲ್ಲದ ಹಡಗು ಸಿಕ್ಕರೆ ಜಪ್ತಿ. ಮೆಣಸನ್ನಂತೂ ಅವರು ಹೇಳಿದ ದರಕ್ಕೇ ಕೊಡಬೇಕು. ಕೊಡಲ್ಲ ಅಂದವರ ಊರಿಗೆ ಬೆಂಕಿ.

ಈಗ ಲಿಸ್ಬನ್‌ಗೆ ಹೋಗೋಣ. ಯಾಕಂದ್ರೆ ಆ ಬೆಂಕಿಗೆ ಆರ್ಡರ್ ಬರ್ತಾ ಇದ್ದ ಅರಮನೆಯಲ್ಲೂ ಒಂದು ಹೆಣ್ಣಿನ ಕಥೆ ಇದೆ, ಮತ್ತೆ ಅದು ನಿಜಕ್ಕೂ ಕರುಳು ಹಿಂಡೋ ಕಥೆ.

ಕ್ಯಾಥರೀನ್ ಆಫ್ ಆಸ್ಟ್ರಿಯಾ. ಚಕ್ರವರ್ತಿ ಐದನೇ ಚಾರ್ಲ್ಸ್‌ನ ತಂಗಿ. 1525ರಲ್ಲಿ ಪೋರ್ಚುಗಲ್ ರಾಜ ಮೂರನೇ ಜುವಾಂವ್‌ಗೆ ಕೊಟ್ಟು ಮದುವೆ. ಒಂಬತ್ತು ಮಕ್ಕಳು. ಒಂಬತ್ತೂ ತಾಯಿಯ ಕಣ್ಣೆದುರೇ ಹೋದವು. ದೊಡ್ಡವರಾಗೋವರೆಗೆ ಉಳಿದಿದ್ದು ಇಬ್ಬರೇ. ಮಗಳು ಮರಿಯಾಳನ್ನ ಸ್ಪೇನಿನ ಫಿಲಿಪ್‌ಗೆ ಕೊಟ್ಟರು, 1545ರಲ್ಲಿ ಹೆರಿಗೆಯಾದ ಕೆಲವೇ ದಿನಕ್ಕೆ ತೀರಿಕೊಂಡಳು, ವಯಸ್ಸು 17. ಮಗನಿಗೆ ತಂದ ಸೊಸೆ ಜೊವಾನಾ. ಮಗ 1554ರ ಜನವರಿಯಲ್ಲಿ ಸತ್ತ, ಅವನು ಸತ್ತ 18 ದಿನಕ್ಕೆ ಮೊಮ್ಮಗ ಹುಟ್ಟಿದ, ಸೆಬಾಸ್ಟಿಯನ್. ಕೆಲವೇ ತಿಂಗಳಲ್ಲಿ ಜೊವಾನಾಳನ್ನ ಸ್ಪೇನಿಗೆ ವಾಪಸ್ ಕರೆಸಿಕೊಂಡರು, ಅಲ್ಲಿ ಆಡಳಿತ ನೋಡ್ಕೊಳ್ಳೋಕೆ ಮನೆಯವರೇ ಒಬ್ಬರು ಬೇಕಿತ್ತು. ಆ ಕೂಸನ್ನ ಅವಳು ಮತ್ತೆ ಜೀವನದಲ್ಲಿ ನೋಡಲೇ ಇಲ್ಲ. 1557ರಲ್ಲಿ ರಾಜ ತೀರಿಕೊಂಡಾಗ ಪಟ್ಟ ಮೂರು ವರ್ಷದ ಮೊಮ್ಮಗನಿಗೆ, ಆಡಳಿತ ಅಜ್ಜಿ ಕ್ಯಾಥರೀನ್‌ಗೆ. 1562ರವರೆಗೆ ಅವಳೇ ನಡೆಸಿದಳು.

ಅಂದ್ರೆ 1557ರಿಂದ 1562ರ ನಡುವೆ ಮೆಣಸಿನ ಎರಡು ತುದಿಯಲ್ಲೂ ಹೆಂಗಸರೇ ಕೂತಿದ್ದರು. ಇಲ್ಲಿ ಮಾರೋಳು, ಅಲ್ಲಿ ಕೊಳ್ಳೋಳು. ಕ್ಯಾಥರೀನ್‌ಗೆ ಏಷ್ಯಾದ ಪಿಂಗಾಣಿ, ಆಭರಣ ಕೂಡಿಡೋ ಹುಚ್ಚು ಬೇರೆ ಇತ್ತು. ಆದ್ರೆ ಇಬ್ಬರ ಕುರ್ಚಿ ಒಂದೇ ತರದ್ದಲ್ಲ. ಕ್ಯಾಥರೀನ್ ಕೂತಿದ್ದು ಮೊಮ್ಮಗನ ಕುರ್ಚಿಯಲ್ಲಿ, ಅವನು ದೊಡ್ಡವನಾಗೋವರೆಗೆ ಮಾತ್ರ. ಯುರೋಪಿನಲ್ಲಿ ಹೆಚ್ಚು ಕಡೆ ಇದೇ ಕತೆ. ಫ್ರಾನ್ಸಿನಲ್ಲಂತೂ ಹೆಣ್ಣು ತನ್ನ ಹಕ್ಕಿನಿಂದ ಪಟ್ಟ ಏರಿದ ಉದಾಹರಣೆ ಒಂದೂ ಇಲ್ಲ, ಕಾನೂನೇ ಬಿಡಲಿಲ್ಲ. ಇಂಗ್ಲೆಂಡಿನಲ್ಲಿ ಅಣ್ಣ ತಮ್ಮಂದಿರ ಸರದಿ ಮುಗಿದ ಮೇಲೆ ಹೆಣ್ಣಿನ ಸರದಿ. ಅದು ಬದಲಾಗಿದ್ದು ಮೊನ್ನೆ ಮೊನ್ನೆ, 2013ರ ಕಾಯ್ದೆಯಿಂದ. ಅದಕ್ಕೇ ಇವತ್ತು ಪುಟ್ಟ ಷಾರ್ಲೆಟ್, ತಮ್ಮ ಲೂಯಿ ಹುಟ್ಟಿದರೂ ಅವನಿಗಿಂತ ಮುಂದಿನ ಸಾಲಿನಲ್ಲೇ ಇದ್ದಾಳೆ. ಸ್ಪೇನಿನ ಲಿಯೊನೊರ್ ಉತ್ತರಾಧಿಕಾರಿ ಆಗಿರೋದು ಅವಳಿಗೆ ಅಣ್ಣ ತಮ್ಮ ಇಲ್ಲ ಅನ್ನೋ ಕಾರಣಕ್ಕೆ ಮಾತ್ರ.

ನಮ್ಮ ಕರಾವಳಿಯ ಲೆಕ್ಕ ಬೇರೆ. ಇಲ್ಲಿ ಹಲವು ಅರಸು ಮನೆಗಳಲ್ಲಿ ವಂಶ ಹೋಗ್ತಾ ಇದ್ದಿದ್ದು ಹೆಣ್ಣಿನ ಕಡೆಯಿಂದ. ಅಳಿಯಸಂತಾನ ಅಂತೀವಲ್ಲ, ತುಳುನಾಡಿನವರಿಗೆ ವಿವರಿಸೋದೇ ಬೇಡ. ಅದರ ಹಿಂದಿನ ತರ್ಕ ಸಿಂಪಲ್: ಮಗುವಿನ ತಾಯಿ ಯಾರು ಅನ್ನೋದರಲ್ಲಿ ಯಾರಿಗೂ ಡೌಟ್ ಇರಲ್ಲ. ಹಾಗಾಗಿ ಹೆಣ್ಣು ಪಟ್ಟಕ್ಕೆ ಬರೋದು ಅಂದ್ರೆ ಇಲ್ಲಿ ಆಪತ್ಕಾಲದ ಅಡ್ಜಸ್ಟ್‌ಮೆಂಟ್ ಅಲ್ಲ. ಹಾಗಂತ ಇಲ್ಲಿ ಹೆಂಗಸರಿಗೆಲ್ಲ ಸ್ವರ್ಗ ಇತ್ತು ಅಂತ ನಾನು ಹೇಳ್ತಾ ಇಲ್ಲ. ಗೇರುಸೊಪ್ಪೆಯ ಗದ್ದೆಯಲ್ಲಿ ನಾಟಿ ಮಾಡ್ತಿದ್ದ ಹೆಂಗಸಿನ ಬದುಕು ಇದರಿಂದ ಬದಲಾಗಿರುತ್ತೆ ಅಂತ ನನಗೆ ಅನ್ನಿಸಲ್ಲ. ಅರಮನೆ ವಿಷಯ ಮಾತ್ರ ಹೇಳ್ತಾ ಇದ್ದೀನಿ.

ಮತ್ತೆ ಗೇರುಸೊಪ್ಪೆಗೆ. 1565ರ ಜನವರಿ, ತಾಳಿಕೋಟೆ ಯುದ್ಧ. ವಿಜಯನಗರ ಬಿತ್ತು. ಪರೀಕ್ಷೆಗೆ ಓದಿದ್ದೀರಿ. ಕರಾವಳಿಗೆ ಅದರ ಅರ್ಥ ಏನು ಅಂತ ಪಾಠದಲ್ಲಿ ಬರಲಿಲ್ಲ. ಭಟ್ಕಳದಲ್ಲಿ ಇಳಿಯೋ ಕುದುರೆಗೆ ಇದ್ದ ದೊಡ್ಡ ಗಿರಾಕಿ ಹೋದ. ಬೆನ್ನ ಹಿಂದೆ ಇದ್ದ ಸಾಮ್ರಾಟನೂ ಹೋದ. ನಾಲ್ಕೇ ವರ್ಷ. 1569ರಲ್ಲಿ ವೈಸರಾಯ್ ಲೂಯಿಸ್ ದೆ ಅತಾಯ್ದೆ ಹಡಗು ತಗೊಂಡು ಹೊನ್ನಾವರಕ್ಕೆ ಬಂದ, ಊರಿಗೆ ಬೆಂಕಿ ಹಾಕಿದ, ಕೋಟೆ ಹಿಡಿದ, ತನ್ನ ಸೈನಿಕರನ್ನ ಕೂರಿಸಿದ.

ರಾಣಿ ಸುಮ್ಮನೆ ಕೂರಲಿಲ್ಲ. ಮರುವರ್ಷ ಬಿಜಾಪುರದ ಆದಿಲ್ ಶಾ, ಅಹಮದ್‌ನಗರದ ನಿಜಾಮ್ ಶಾ, ಕಲ್ಲಿಕೋಟೆಯ ಸಾಮೂತಿರಿ ಒಟ್ಟಿಗೆ ಪೋರ್ಚುಗೀಸರ ಮೇಲೆ ಎದ್ದರು. ಗೋವೆ, ಚೌಲ್, ಚಾಲಿಯಂ, ಎಲ್ಲಾ ಕಡೆ ಒಂದೇ ಕಾಲಕ್ಕೆ ಮುತ್ತಿಗೆ. ಅದೇ ಹೊತ್ತು ನೋಡಿ ಬಿಜಾಪುರದ ದಂಡಿನ ನೆರವು ಪಡೆದು ಇವಳು ಹೊನ್ನಾವರದ ಕೋಟೆ ಮೇಲೆ ಹೋದಳು. ಜೈನ ರಾಣಿ, ಮುಸ್ಲಿಂ ಸುಲ್ತಾನರು, ಸಾಮೂತಿರಿ, ಎಲ್ಲರಿಗೂ ಒಂದೇ ಟೋಲ್ ಗೇಟಿನ ತಲೆನೋವು. ವಾಟ್ಸಾಪ್ ಫಾರ್ವರ್ಡ್‌ಗಳಲ್ಲಿ ಇಲ್ಲಿಗೆ 'ಪೋರ್ಚುಗೀಸರನ್ನ ಅಟ್ಟಿಬಿಟ್ಟಳು' ಅಂತ ಮುಗಿಸ್ತಾರೆ. ಹಾಗಾಗಲಿಲ್ಲ. ಗೋವೆಯಿಂದ ಸಹಾಯ ಬಂತು, ಕೋಟೆ ಅವರ ಕೈಯಲ್ಲೇ ಉಳೀತು. ಹದಿನೇಳನೇ ಶತಮಾನದ ಮಧ್ಯದಲ್ಲಿ ಕೆಳದಿಯವರು ಹಿಡಿಯೋವರೆಗೂ ಅವರದ್ದೇ.

ನನಗೆ ಆ ಗೆಲುವಿನ ಸುಳ್ಳಿಗಿಂತ ಈ ಸೋಲಿನ ನಂತರದ್ದು ದೊಡ್ಡದು ಅನ್ಸುತ್ತೆ. ನದಿಯ ಬಾಯಿಯಲ್ಲಿ ಶತ್ರುವಿನ ಕೋಟೆ ಕೂತಿದೆ. ನಿಮ್ಮ ಏಕೈಕ ಹೆದ್ದಾರಿಯ ಗೇಟಿಗೆ ಅವನು ಬೀಗ ಹಾಕಿದ್ದಾನೆ. ಅಂಥಾ ಸ್ಥಿತಿಯಲ್ಲಿ ಅವಳು ಇನ್ನೂ 35 ವರ್ಷ ರಾಜ್ಯ ನಡೆಸಿದಳು. ಅದು ಕತ್ತಿಯಿಂದ ಆಗೋ ಕೆಲಸ ಅಲ್ಲ. ಅವರಿಗೆ ಮೆಣಸು ಬೇಕು, ಗೋವೆಗೆ ಅಕ್ಕಿಯೂ ಬೇಕು, ಎರಡೂ ಇವಳ ಕಡೆಯಿಂದ ಬರಬೇಕು. ಮಲಬಾರಿನಲ್ಲಿ ಸಾಕಷ್ಟು ಮೆಣಸು ಸಿಗದೇ ಶತಮಾನದ ಕೊನೆಗೆ ಅವರು ಕೆನರಾ ಮೆಣಸಿನ ಮೇಲೆ ಹೆಚ್ಚು ಹೆಚ್ಚು ವಾಲಿದರು. ಬಿಸಿನೆಸ್ ಮಾಡಿದವರಿಗೆ ಗೊತ್ತು, ಗಿರಾಕಿ ಎಷ್ಟೇ ದೊಡ್ಡ ರೌಡಿ ಆಗಿದ್ರೂ, ಸರಕು ನಿಮ್ಮ ಹತ್ರ ಮಾತ್ರ ಇದ್ದರೆ ಅವನು ಮಾತಾಡಲೇಬೇಕು. ಅತ್ತ ಲಿಸ್ಬನ್‌ನಲ್ಲಿ ಅಜ್ಜಿ ಸಾಕಿದ ಸೆಬಾಸ್ಟಿಯನ್ 1578ರಲ್ಲಿ ಮೊರಾಕೋಗೆ ಯುದ್ಧಕ್ಕೆ ಹೋಗಿ ಸತ್ತ. ಮದುವೆ ಇಲ್ಲ, ಮಕ್ಕಳಿಲ್ಲ. 1580ರಲ್ಲಿ ಪೋರ್ಚುಗಲ್ ಸ್ಪೇನಿನ ಫಿಲಿಪ್ ಪಾಲಾಯ್ತು. ಗೇರುಸೊಪ್ಪೆ ಇನ್ನೂ ನಿಂತಿತ್ತು. ಭಟ್ಟಾಕಳಂಕ ತನ್ನ ಕನ್ನಡ ವ್ಯಾಕರಣ ಶಬ್ದಾನುಶಾಸನ ಮುಗಿಸಿದ್ದು 1604ರಲ್ಲಿ. ಅವನ ಗುರು ಭಟ್ಕಳ ಪಕ್ಕದ ಹಾಡುವಳ್ಳಿಯ ಮಠದವರು. ಅಂದ್ರೆ ರಾಜ್ಯ ಮುಳುಗೋ ಎರಡು ವರ್ಷ ಮೊದಲೂ ಈ ಭಾಗದ ಜೈನ ಪಂಡಿತ ಪರಂಪರೆ ಕೆಲಸ ನಿಲ್ಲಿಸಿರಲಿಲ್ಲ.

ಆಮೇಲೆ 1606. ಘಟ್ಟದ ಮೇಲಿನಿಂದ ಕೆಳದಿಯ ವೆಂಕಟಪ್ಪ ನಾಯಕ ಇಳಿದು ಬಂದ. ರಾಣಿ ಸೆರೆಯಾದಳು. ಇಕ್ಕೇರಿಯಲ್ಲಿ ಬಂಧನದಲ್ಲೇ ತೀರಿಕೊಂಡಳು.

ಗಾಸಿಪ್ ಶುರುವಾಗೋದು ಇಲ್ಲಿಂದ.

ಹದಿನೇಳು ವರ್ಷ ಆದ ಮೇಲೆ, 1623ರಲ್ಲಿ, ರೋಮಿನ ಶ್ರೀಮಂತ ಪಿಯೆತ್ರೊ ಡೆಲ್ಲಾ ವಾಲೆ ಹೊನ್ನಾವರದಿಂದ ದೋಣಿ ಹತ್ತಿ ಗೇರುಸೊಪ್ಪೆಗೆ ಬಂದ. ಪೋರ್ಚುಗೀಸ್ ರಾಯಭಾರಿ ವೆಂಕಟಪ್ಪ ನಾಯಕನ ಆಸ್ಥಾನಕ್ಕೆ ಹೊರಟಿದ್ದ, ಇವನು ಅವನ ಜೊತೆ ಟೂರಿಸ್ಟ್. ಈ ಮನುಷ್ಯನ ಬಗ್ಗೆ ಒಂದು ವಿಷಯ ಹೇಳಲೇಬೇಕು. ಅವನ ಹೆಂಡತಿ ಪರ್ಷಿಯಾದಲ್ಲಿ ತೀರಿಕೊಂಡಿದ್ದಳು, ಅವಳ ದೇಹವನ್ನ ಕೆಡದ ಹಾಗೆ ಮಾಡಿಸಿ, ಪೆಟ್ಟಿಗೆಯಲ್ಲಿಟ್ಟು, ಭಾರತಕ್ಕೂ ತಂದು, ವರ್ಷಗಟ್ಟಲೆ ತಿರುಗಿ, ಕೊನೆಗೆ ರೋಮಿನಲ್ಲಿ ಮಣ್ಣು ಮಾಡಿದವನು. ಪ್ರೇಮಕತೆ ಕಿವಿಗೆ ಬಿದ್ದರೆ ಬರೆಯದೇ ಬಿಡೋ ಆಸಾಮಿ ಅಲ್ಲ.

ಅವನು ಶರಾವತಿಯ ಚೆಲುವನ್ನ ಮನಸಾರೆ ಹೊಗಳ್ತಾನೆ. ಗೇರುಸೊಪ್ಪೆ ಹಾಳು ಬಿದ್ದಿತ್ತು, ಅರಮನೆ ಮೇಲೆ ಕಾಡು ಬೆಳೆದಿತ್ತು ಅಂತಾನೆ. ಮತ್ತೆ ಕಾರಣ ಕೊಡ್ತಾನೆ: ಕೊನೆಯ ರಾಣಿ ಒಬ್ಬ ಪರಊರಿನ, ಕೀಳು ಮನೆತನದ ಗಂಡಸಿನ ಪ್ರೀತಿಗೆ ಬಿದ್ದಳು, ರಾಜ್ಯವನ್ನೇ ಅವನ ಕೈಗೆ ಕೊಟ್ಟಳು, ಅವನು ಅವಳ ವಿರುದ್ಧವೇ ಎದ್ದ. ಅವಳು ಪೋರ್ಚುಗೀಸರ ಸಹಾಯ ಕೇಳಿದಳು, ಅವರು ತಡವಾಗಿ, ಬೇಕೋ ಬೇಡವೋ ಅನ್ನೋ ಹಾಗೆ ಬಂದರು. ಅವನು ವೆಂಕಟಪ್ಪನನ್ನ ಕರೆದ. ವೆಂಕಟಪ್ಪ ರಾಜ್ಯ ನುಂಗಿದ, ರಾಣಿಯನ್ನ ಗೌರವದಿಂದಲೇ ಸೆರೆಯಲ್ಲಿಟ್ಟ, ಆ ಗಂಡಸನ್ನ ಕೊಲ್ಲಿಸಿದ.

ಈಗ ಕ್ಯಾಲ್ಕುಲೇಟರ್ ತಗೊಳ್ಳಿ. 1552ರಲ್ಲಿ ಪಟ್ಟಕ್ಕೆ ಬಂದಾಗ ಅವಳಿಗೆ ಬರೀ ಹತ್ತು ವರ್ಷ ಅಂತಲೇ ಇಟ್ಕೊಳ್ಳಿ. 1606ಕ್ಕೆ 64. ಇಪ್ಪತ್ತು ಅಂತ ಇಟ್ಕೊಂಡ್ರೆ 74. ವಯಸ್ಸಾದವರಿಗೆ ಪ್ರೀತಿ ಆಗಬಾರದು ಅಂತಲ್ಲ, ಆಗಲಿ. ಆದ್ರೆ ಐವತ್ತು ವರ್ಷ ಫಿರಂಗಿ, ಸುಲ್ತಾನ, ಸುಂಕ ಎಲ್ಲವನ್ನೂ ನಿಭಾಯಿಸಿದ ಅಜ್ಜಿ ಒಬ್ಬ ಪ್ರೇಮಿಗಾಗಿ ರಾಜ್ಯ ಬಿಟ್ಟುಕೊಟ್ಟಳು ಅನ್ನೋದನ್ನ ನಂಬೋ ಮೊದಲು, ಕತೆ ಯಾರ ಬಾಯಿಂದ ಬಂತು ನೋಡಬೇಕು. ಡೆಲ್ಲಾ ವಾಲೆ ಹೊರಟಿದ್ದು ಯಾರ ಆಸ್ಥಾನಕ್ಕೆ? ರಾಜ್ಯ ಗೆದ್ದವನ ಆಸ್ಥಾನಕ್ಕೆ. ಜೊತೆಗಿದ್ದವರು ಯಾರು? ಸಹಾಯಕ್ಕೆ ತಡ ಮಾಡಿದವರು. ಇಬ್ಬರಿಗೂ ಈ ಕತೆ ಅನುಕೂಲ. ರಾಜ್ಯ ಕಿತ್ಕೊಂಡಿದ್ದು ನಾವಲ್ಲ, ಅವಳ ಮನಸ್ಸು ಜಾರಿದ್ದು. ಘಟ್ಟದ ಮೇಲಿನ ಮೆಣಸು ಸಮುದ್ರಕ್ಕೆ ಇಳಿಯೋ ದಾರಿ ಕೆಳದಿಯವರಿಗೆ ಬೇಕಿತ್ತು ಅನ್ನೋ ಒಣ ಕಾರಣಕ್ಕಿಂತ ಇದು ಕೇಳೋಕೆ ಎಷ್ಟು ರಸವತ್ತಾಗಿದೆ!

ಇದು ನಮ್ಮ ರಾಣಿಗೆ ಮಾತ್ರ ಆಗಿದ್ದಲ್ಲ. ಎಲಿಜಬೆತ್ ಅಂದ್ರೆ ರಾಬರ್ಟ್ ಡಡ್ಲಿ ಜೊತೆ ಏನಿತ್ತು ಅನ್ನೋ ಪ್ರಶ್ನೆ. ಸ್ಕಾಟ್ಲೆಂಡಿನ ಮೇರಿ ಅಂದ್ರೆ ಮೂರು ಮದುವೆ. ಅವಳೂ 19 ವರ್ಷ ಸೆರೆಯಲ್ಲಿದ್ದಳು, 1587ರಲ್ಲಿ ತಲೆ ಕಡಿದರು. ರಷ್ಯಾದ ಕ್ಯಾಥರೀನ್ ಬಗ್ಗೆ ಹುಟ್ಟಿಸಿದ ಮಾತುಗಳನ್ನಂತೂ ಇಲ್ಲಿ ಹೇಳೋ ಹಾಗೇ ಇಲ್ಲ. ಗಂಡು ರಾಜ ಸೋತರೆ ಸೈನ್ಯ ಸಾಲಲಿಲ್ಲ ಅಂತಾರೆ, ಖಜಾನೆ ಖಾಲಿ ಆಯ್ತು ಅಂತಾರೆ.

ಡೆಲ್ಲಾ ವಾಲೆ ಕೆಟ್ಟವನಲ್ಲ, ಇದನ್ನೂ ಹೇಳಿಬಿಡ್ತೀನಿ. ಅದೇ ಪ್ರವಾಸದಲ್ಲಿ ಅವನು ಉಳ್ಳಾಲದ ರಾಣಿಯನ್ನ ಕಣ್ಣಾರೆ ಕಂಡ. ರಾಣಿ ಅಂದ್ರೆ ರೇಷ್ಮೆ, ಪಲ್ಲಕ್ಕಿ ಅಂದುಕೊಂಡು ಹೋದವನಿಗೆ ಸಿಕ್ಕಿದ್ದು ಬರಿಗಾಲಲ್ಲಿ, ಸಾದಾ ಬಟ್ಟೆಯಲ್ಲಿ, ನೀರಿನ ಕಾಲುವೆ ಕೆಲಸ ನೋಡೋಕೆ ಬಂದ ಹೆಂಗಸು. ನೋಡೋಕೆ ಅಡುಗೆಯವಳ ಹಾಗಿದ್ದಳು, ಮಾತಾಡಿದರೆ ಮಾತ್ರ ತೂಕದ ರಾಣಿ ಅಂತ ಗೊತ್ತಾಗ್ತಿತ್ತು ಅನ್ನೋ ಅರ್ಥದಲ್ಲಿ ಬರೆದಿದ್ದಾನೆ. ಅವಳ ಬಗ್ಗೆಯೂ ಕೇಳಿದ ಗಾಳಿಮಾತು ಒಂದಿಷ್ಟು ಸೇರಿಸಿದ್ದಾನೆ ಬಿಡಿ. ಆದ್ರೆ ವ್ಯತ್ಯಾಸ ನೋಡಿ. ಕಣ್ಣಿಂದ ನೋಡಿದ ರಾಣಿ ಕಾಲುವೆ ಕೆಲಸ ಮಾಡಿಸ್ತಾ ಇದ್ದಾಳೆ. ಕಿವಿಯಿಂದ ಕೇಳಿದ ರಾಣಿ ಪ್ರೀತಿಯಲ್ಲಿ ಬೀಳ್ತಾಳೆ.

ಇನ್ನೊಬ್ಬ ರಾಜಕುಮಾರಿ ಬಾಕಿ ಇದ್ದಾಳೆ. ಪೋರ್ಚುಗಲ್ಲಿನ ಕ್ಯಾಥರೀನ್ ಆಫ್ ಬ್ರಗಾಂಜಾ. 1661ರ ಒಪ್ಪಂದದಲ್ಲಿ ಅವಳನ್ನ ಇಂಗ್ಲೆಂಡಿನ ಎರಡನೇ ಚಾರ್ಲ್ಸ್‌ಗೆ ಕೊಡೋದು ಅಂತಾಯ್ತು, ವರದಕ್ಷಿಣೆಯಲ್ಲಿ ಬಾಂಬೆಯೂ ಸೇರಿತ್ತು. ಹೌದು, ಬಾಂಬೆ. ಚಾರ್ಲ್ಸ್ ಅದನ್ನ 1668ರಲ್ಲಿ ವರ್ಷಕ್ಕೆ 10 ಪೌಂಡ್ ಬಾಡಿಗೆಗೆ ಕಂಪನಿಗೆ ಕೊಟ್ಟ. ಯುರೋಪಿನ ರಾಜಕುಮಾರಿಯ ಬದುಕು ಅಂದ್ರೆ ಬಹಳ ಸಲ ಇದೇ, ಒಪ್ಪಂದದ ಕಾಗದದಲ್ಲಿ ಒಂದು ಐಟಂ. ಆ ವರದಕ್ಷಿಣೆಯ ಊರು ಬೆಳೆದು ಬಾಂಬೆ ಪ್ರೆಸಿಡೆನ್ಸಿ ಆಯ್ತು, 1862ರಲ್ಲಿ ಉತ್ತರ ಕನ್ನಡವನ್ನ ಮದ್ರಾಸಿನಿಂದ ತೆಗೆದು ಅದಕ್ಕೆ ಸೇರಿಸಿದರು. ಕುಮಟಾ, ಹೊನ್ನಾವರ, ಭಟ್ಕಳದ ನಮ್ಮ ಅಜ್ಜಂದಿರು 1956ರವರೆಗೆ ಬಾಂಬೆ ಸರ್ಕಾರದ ಕೆಳಗಿದ್ದಿದ್ದು ಹೀಗೆ. ಅದೇ ಬಾಂಬೆ ಸರ್ಕಾರದ ಗೆಜೆಟಿಯರ್‌ನ ಕೆನರಾ ಸಂಪುಟ 1883ರಲ್ಲಿ ಬಂದಾಗ, ಗೇರುಸೊಪ್ಪೆಯ ಕತೆಗೆ ಡೆಲ್ಲಾ ವಾಲೆಯೂ ಒಂದು ಸಾಕ್ಷಿ.

ಅವಳ ಕಾಲದ ಒಂದು ಚಿತ್ರ ನಮ್ಮ ಹತ್ರ ಇಲ್ಲ. ಎಲಿಜಬೆತ್‌ಗೆ ಹತ್ತಾರು ಪೋರ್ಟ್ರೇಟ್ ಇವೆ, ಕೈಬರಹದ ಪತ್ರಗಳಿವೆ. ಇವಳದ್ದು ಅಂತ ನಾವು ಫೋನಿನಲ್ಲಿ ನೋಡೋದೆಲ್ಲ ಈಗಿನ ಕಲಾವಿದರು ಕಲ್ಪಿಸಿಕೊಂಡ ಮುಖ. ಗಜಾನನ ಶರ್ಮ ಅವರ ಕಾದಂಬರಿ 'ಚೆನ್ನಭೈರಾದೇವಿ' ಬಂದ ಮೇಲೆ ತುಂಬಾ ಜನ ಅವಳನ್ನ ಹುಡುಕಿಕೊಂಡು ಗೇರುಸೊಪ್ಪೆಗೆ ಹೋಗ್ತಾ ಇದ್ದಾರೆ, ಒಳ್ಳೇದೇ. ನಗರಬಸ್ತಿಕೇರಿಯಲ್ಲಿ ಕಾಡಿನ ನಡುವೆ ಚತುರ್ಮುಖ ಬಸದಿ ಇದೆ. ನಾಲ್ಕು ದಿಕ್ಕಿಗೂ ಬಾಗಿಲು, ನಾಲ್ಕು ಕಡೆಯಿಂದಲೂ ಒಂದೇ ರೀತಿ ಕಾಣೋ ಕಲ್ಲಿನ ಕಟ್ಟಡ. ಮಿರ್ಜಾನ್‌ಗೆ ಹೋದವರಲ್ಲಿ ಹತ್ತಕ್ಕೆ ಒಬ್ಬರೂ ಇಲ್ಲಿಗೆ ಬರಲ್ಲ ಅಂತ ನನ್ನ ಅಂದಾಜು, ರೀಲ್ಸ್‌ಗೆ ಪಾಚಿ ಕಮ್ಮಿ ಅಲ್ವಾ.

ಮುಂದಿನ ಸಂಚಿಕೆ ಕೆಳದಿ ಚೆನ್ನಮ್ಮನದು. ಚೆನ್ನಭೈರಾದೇವಿಯನ್ನ ಸೆರೆ ಹಿಡಿದ ಅದೇ ಕೆಳದಿ ಮನೆತನದ ಸೊಸೆ. 1671ರಲ್ಲಿ ಗಂಡನ ಕೊಲೆಯಾದ ಮೇಲೆ ಗದ್ದುಗೆ ಹಿಡಿದು ಸುಮಾರು 25 ವರ್ಷ ಆಳಿದವಳು, ಔರಂಗಜೇಬನಿಂದ ತಪ್ಪಿಸಿಕೊಂಡು ಬಂದ ಶಿವಾಜಿಯ ಮಗ ರಾಜಾರಾಮನಿಗೆ ದಾರಿ ಕೊಟ್ಟವಳು. ಹೊನ್ನಾವರದ ಬಂದರು ಆ ಹೊತ್ತಿಗೆ ಅವಳ ಕೈಯಲ್ಲಿತ್ತು.